ಎಡಿಎಚ್‌ಡಿ ಮೆದುಳಿನ ಸ್ಕ್ಯಾನ್ ಅಧ್ಯಯನ ಓದುವುದು ಹೇಗೆ? ಮೊದಲು ಮಾತ್ರೆಯ ಲೆಕ್ಕ ನೋಡಿ

1986ರಲ್ಲಿ ಅಮೆರಿಕದ ಹೆನ್ರಿ ನಸ್ರಲ್ಲಾ ಮತ್ತು ಸಂಗಡಿಗರು 24 ಯುವಕರ ಮೆದುಳಿನ ಸಿಟಿ ಸ್ಕ್ಯಾನ್ ಬಗ್ಗೆ ಒಂದು ವರದಿ ಪ್ರಕಟಿಸಿದರು. ಆ ಯುವಕರಿಗೆಲ್ಲ ಚಿಕ್ಕಂದಿನಲ್ಲಿ ಅತಿಚಟುವಟಿಕೆಯ ತೊಂದರೆ ಇತ್ತು. ಗಮನ ನಿಲ್ಲದ, ಅತಿಯಾಗಿ ಚಟುವಟಿಕೆ ಮಾಡುವ ಈ ತೊಂದರೆಯನ್ನು ಈಗ ಎಡಿಎಚ್‌ಡಿ ಅನ್ನುತ್ತಾರೆ. ಹೋಲಿಕೆಯ ಗುಂಪಿಗಿಂತ ಇವರಲ್ಲಿ ಮೆದುಳಿನ ಹೊರಪದರ ಕುಗ್ಗಿದ ಲಕ್ಷಣ ಜಾಸ್ತಿ ಕಂಡಿತು. ಅದು ಅವರ ತೊಂದರೆಯ ಗುರುತೇ? ಹಾಗೆ ಹೇಳುವಂತಿರಲಿಲ್ಲ. ಆ ಎಲ್ಲರೂ ಅದಕ್ಕೆ ಕೊಡುವ ಉತ್ತೇಜಕ ಔಷಧ ತೆಗೆದುಕೊಂಡವರೇ ಆಗಿದ್ದರು. ಈ ಕುಗ್ಗುವಿಕೆ ಔಷಧದ ದೀರ್ಘಕಾಲದ ಪರಿಣಾಮವೂ ಇರಬಹುದು ಎಂದು ಲೇಖಕರೇ ಬರೆದರು.

ಅಲ್ಲಿಂದ ಇಲ್ಲಿಯವರೆಗೆ ಸ್ಕ್ಯಾನ್ ಯಂತ್ರಗಳು ತುಂಬಾ ಬದಲಾಗಿವೆ. ಪ್ರಶ್ನೆ ಮಾತ್ರ ಅದೇ. ಮೆದುಳಿನಲ್ಲಿ ಕಂಡ ವ್ಯತ್ಯಾಸ ಎಡಿಎಚ್‌ಡಿಯದೋ, ಅದಕ್ಕೆ ಕೊಟ್ಟ ಮಾತ್ರೆಯದೋ? ಎರಡು ಕಾರಣಗಳು ಹೀಗೆ ಬೆರೆತುಹೋಗುವುದನ್ನು ಸಂಶೋಧಕರು ಕನ್‌ಫೌಂಡಿಂಗ್ ಅನ್ನುತ್ತಾರೆ. ಮನಶ್ಶಾಸ್ತ್ರ ಅಥವಾ ವೈದ್ಯಕೀಯ ಓದುತ್ತಿರುವವರು, ವಿಜ್ಞಾನದ ಸುದ್ದಿ ಬರೆಯುವವರು, ಮಗುವಿಗೆ ಎಡಿಎಚ್‌ಡಿ ಇದೆ ಎಂದು ಗೊತ್ತಾದ ಮೇಲೆ ಸಿಕ್ಕಿದ್ದೆಲ್ಲ ಓದುತ್ತಿರುವ ಅಪ್ಪ ಅಮ್ಮಂದಿರು, ಇವರಿಗಾಗಿ ಈ ಮಾರ್ಗದರ್ಶಿ. ಒಂದು ಅಧ್ಯಯನವನ್ನು ಕೈಗೆತ್ತಿಕೊಂಡಾಗ ಎಲ್ಲಿಂದ ಶುರು ಮಾಡಬೇಕು, ಏನು ಕೇಳಬೇಕು ಎಂದು ಹಂತಹಂತವಾಗಿ ಹೇಳುತ್ತೇನೆ.

ಶುರು ಮಾಡುವ ಮೊದಲೇ ಒಂದು ಮಾತು. ಇದನ್ನು ಓದಿ ಯಾರೂ ಮಗುವಿನ ಮಾತ್ರೆ ನಿಲ್ಲಿಸಬೇಡಿ. ಇಲ್ಲಿ ಚರ್ಚೆ ಇರುವುದು ಸಂಶೋಧನೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎನ್ನುವುದರ ಬಗ್ಗೆ. ಮಾತ್ರೆ ಒಳ್ಳೆಯದೋ ಕೆಟ್ಟದೋ ಎನ್ನುವುದು ಬೇರೆಯೇ ಪ್ರಶ್ನೆ. ಅದನ್ನು ನಿಮ್ಮ ವೈದ್ಯರ ಜೊತೆ ಕೂತು ಮಾತಾಡಬೇಕು.

ಹಂತ 1: ವಿಧಾನದ ಭಾಗಕ್ಕೆ ಹೋಗಿ, ಮಾತ್ರೆಯ ಸಾಲು ಹುಡುಕಿ

ಸಾರಾಂಶ ಓದಿ ನಿಲ್ಲಬೇಡಿ. ಮಾತ್ರೆಯ ವಿವರ ಸಾಮಾನ್ಯವಾಗಿ ಸಾರಾಂಶದಲ್ಲಿ ಇರುವುದಿಲ್ಲ. ಯಾರನ್ನು ಸೇರಿಸಿಕೊಂಡರು ಎಂದು ಬರೆದ ಪ್ಯಾರಾದಲ್ಲಿ ಒಂದು ಸಾಲು ಇರುತ್ತದೆ, ಇಲ್ಲವೇ ಕೋಷ್ಟಕದ ಕೊನೆಯಲ್ಲಿ ಒಂದು ಅಡ್ಡಸಾಲು ಇರುತ್ತದೆ. ಅದು ಸಿಕ್ಕಿದ ಮೇಲೆ ಪದಗಳನ್ನು ಬಿಡಿಸಿ ನೋಡಿ. ಕೇಳಲು ಒಂದೇ ಥರ ಇದ್ದರೂ ಇವು ಬೇರೆಬೇರೆ ಮಕ್ಕಳು.

ಮೊದಲನೆಯದು, ಜೀವನದಲ್ಲಿ ಒಮ್ಮೆಯೂ ಎಡಿಎಚ್‌ಡಿ ಔಷಧ ತೆಗೆದುಕೊಳ್ಳದವರು. ಎರಡನೆಯದು, ಹಿಂದೆ ತೆಗೆದುಕೊಳ್ಳುತ್ತಿದ್ದವರು, ಈಗ ಬಿಟ್ಟವರು. ಮೂರನೆಯದು, ಈಗಲೂ ತೆಗೆದುಕೊಳ್ಳುತ್ತಿರುವವರು, ಆದರೆ ಸ್ಕ್ಯಾನ್‌ಗಾಗಿ ಒಂದೆರಡು ದಿನ ನಿಲ್ಲಿಸಿದವರು. ಇದನ್ನು ವಾಶ್‌ಔಟ್ ಅನ್ನುತ್ತಾರೆ. ನಾಲ್ಕನೆಯದು, ಸ್ಕ್ಯಾನ್ ದಿನ ಬೆಳಗ್ಗೆಯೂ ಮಾತ್ರೆ ನುಂಗಿ ಬಂದವರು.

ತುಂಬಾ ಅಧ್ಯಯನಗಳಲ್ಲಿ 'ಮಾತ್ರೆ ಇಲ್ಲದೆ ಸ್ಕ್ಯಾನ್ ಮಾಡಲಾಯಿತು' ಎಂದಷ್ಟೇ ಇರುತ್ತದೆ. ಓದುವವರು ಇವರು ಮಾತ್ರೆಯನ್ನೇ ಮುಟ್ಟದವರು ಎಂದು ತಿಳಿಯುತ್ತಾರೆ. ನಿಜದಲ್ಲಿ ಅವರು ಮೂರನೇ ಗುಂಪಿನವರಾಗಿರಬಹುದು. ಐದು ವರ್ಷ ಪ್ರತಿದಿನ ಮಾತ್ರೆ ತೆಗೆದುಕೊಂಡು ನಿನ್ನೆ ಒಂದು ದಿನ ಬಿಟ್ಟ ಹುಡುಗ, ಮಾತ್ರೆಯನ್ನೇ ನೋಡದ ಹುಡುಗ, ಇಬ್ಬರೂ ಒಂದೇ ಅಲ್ಲ ಅಲ್ವಾ?

ಔಷಧ ಯಾವುದು ಎಂದೂ ನೋಡಿ. ಮೀಥೈಲ್‌ಫೆನಿಡೇಟ್ ಮತ್ತು ಆಂಫೆಟಮಿನ್ ಉತ್ತೇಜಕಗಳು. ಆಟಮಾಕ್ಸೆಟಿನ್ ಉತ್ತೇಜಕ ಅಲ್ಲ. ಅದು ಮುಖ್ಯವಾಗಿ ನಾರ್‌ಅಡ್ರಿನಾಲಿನ್ ಎಂಬ ಮೆದುಳಿನ ರಾಸಾಯನಿಕದ ದಾರಿಯಲ್ಲಿ ಕೆಲಸ ಮಾಡುತ್ತದೆ, ಪೂರ್ತಿ ಪರಿಣಾಮ ಕಾಣಲು ವಾರಗಳು ಬೇಕು. ಎಲ್ಲವನ್ನೂ ಸೇರಿಸಿ 'ಔಷಧ ತೆಗೆದುಕೊಂಡವರು' ಎಂದು ಒಂದೇ ಕಟ್ಟಿಗೆ ಕಟ್ಟಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

ದೊಡ್ಡ ಸಾರ್ವಜನಿಕ ಡೇಟಾ ಬಳಸಿದ ಅಧ್ಯಯನಗಳಲ್ಲಿ ಈ ಹಂತ ಇನ್ನೂ ಮುಖ್ಯ. 2011ರಲ್ಲಿ ಎಡಿಎಚ್‌ಡಿ-200 ಎಂಬ ಸಂಗ್ರಹ ಹೊರಬಂತು. ಹಲವು ಕೇಂದ್ರಗಳಿಂದ 900ಕ್ಕೂ ಹೆಚ್ಚು ಮಕ್ಕಳ ಮತ್ತು ಹದಿಹರೆಯದವರ ಸ್ಕ್ಯಾನ್ ಅದರಲ್ಲಿದ್ದವು. ಸ್ಕ್ಯಾನ್ ನೋಡಿ ಎಡಿಎಚ್‌ಡಿ ಗುರುತಿಸುವ ಸ್ಪರ್ಧೆಯೂ ನಡೆಯಿತು. ಆ ಸಂಗ್ರಹದಲ್ಲಿ ಔಷಧದ ಕಾಲಂ ಇದೆ. ಆದರೆ ಮಗು ಎಂದಾದರೂ ತೆಗೆದುಕೊಂಡಿದೆಯೇ ಇಲ್ಲವೇ ಎಂದಷ್ಟೇ ಅದು ಹೇಳುತ್ತದೆ, ಹಲವರ ಮುಂದೆ ಆ ಜಾಗ ಖಾಲಿ. ಎಷ್ಟು ವರ್ಷ, ಎಷ್ಟು ಮಿಲಿಗ್ರಾಂ ಎಂದು ತಿಳಿಯುವ ದಾರಿ ಇಲ್ಲ. ಇಂತಹ ಡೇಟಾದ ಮೇಲೆ ಎಷ್ಟೇ ಜಾಣ ಕಂಪ್ಯೂಟರ್ ಮಾದರಿ ಓಡಿಸಿದರೂ, ಅದು ಎಡಿಎಚ್‌ಡಿಯನ್ನು ಕಲಿಯಿತೋ ಮಾತ್ರೆಯ ಗುರುತನ್ನು ಕಲಿಯಿತೋ ಎಂದು ಬಿಡಿಸಿ ಹೇಳುವುದು ಕಷ್ಟ. ಆ ಸ್ಪರ್ಧೆಯಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಸ್ಕ್ಯಾನ್ ಮುಟ್ಟದೆಯೇ, ಬರೀ ವಯಸ್ಸು, ಲಿಂಗ, ಐಕ್ಯೂ ಥರದ ಮಾಹಿತಿಯಿಂದ ಎಲ್ಲರಿಗಿಂತ ಹೆಚ್ಚು ಸರಿ ಊಹೆ ಮಾಡಿತ್ತು. ಸ್ಕ್ಯಾನ್‌ನ ಹೊರಗಿನ ವಿವರಗಳಿಗೆ ಎಷ್ಟು ಬಲ ಇದೆ ಎನ್ನುವುದಕ್ಕೆ ನಾನು ಇದನ್ನೇ ಮೊದಲ ಉದಾಹರಣೆಯಾಗಿ ಕೊಡುತ್ತೇನೆ.

ಹಂತ 2: ಸ್ಕ್ಯಾನ್ ಯಾವುದು, ಅದರ ಗಡಿಯಾರ ಯಾವುದು?

ಮಾತ್ರೆಯ ಪರಿಣಾಮ ಬೇರೆಬೇರೆ ವೇಗದಲ್ಲಿ ನಡೆಯುತ್ತದೆ. ಹಾಗಾಗಿ ಯಾವ ಸ್ಕ್ಯಾನ್‌ಗೆ ಎಷ್ಟು ದಿನ ಮಾತ್ರೆ ಬಿಟ್ಟರೆ ಸಾಕು ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ.

ಎಫ್‌ಎಂಆರ್‌ಐ ಮೆದುಳಿನ ರಕ್ತದ ಹರಿವಿಗೆ ಸಂಬಂಧಿಸಿದ ಬದಲಾವಣೆಯನ್ನು ಅಳೆಯುತ್ತದೆ. ಇಲ್ಲಿ ಮಾತ್ರೆಯ ಪ್ರಭಾವ ಗಂಟೆಗಳ ಲೆಕ್ಕದ್ದು. ಸಾಧಾರಣ ಮೀಥೈಲ್‌ಫೆನಿಡೇಟ್ ಮಾತ್ರೆಯ ಅರ್ಧಾಯು, ಅಂದರೆ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 2ರಿಂದ 3 ಗಂಟೆ. 24ರಿಂದ 48 ಗಂಟೆ ಬಿಟ್ಟರೆ ಔಷಧ ರಕ್ತದಿಂದ ಹೊರಹೋಗಿರುತ್ತದೆ. ಅದಕ್ಕೇ ಆ ಅವಧಿ ರೂಢಿಗೆ ಬಂದಿದೆ. ಆದರೆ ಔಷಧ ಹೋದ ಮಾತ್ರಕ್ಕೆ, ವರ್ಷಗಟ್ಟಲೆ ಅದಕ್ಕೆ ಹೊಂದಿಕೊಂಡ ಮೆದುಳು ಎರಡು ದಿನದಲ್ಲಿ ಮೊದಲಿನಂತಾಗುತ್ತದೆ ಎಂದೇನಿಲ್ಲ.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಡೋಪಮಿನ್ ಟ್ರಾನ್ಸ್‌ಪೋರ್ಟರ್ ಕಥೆಯಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಡೋಪಮಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಸಾಗಿಸುವ ಒಂದು ರಾಸಾಯನಿಕ. ನರಕೋಶಗಳು ಬಿಡುಗಡೆ ಮಾಡಿದ ಡೋಪಮಿನ್ ಅನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಪ್ರೋಟೀನ್‌ಗೆ ಡೋಪಮಿನ್ ಟ್ರಾನ್ಸ್‌ಪೋರ್ಟರ್ ಎಂದು ಹೆಸರು. ಮೀಥೈಲ್‌ಫೆನಿಡೇಟ್ ಮುಖ್ಯವಾಗಿ ಇದನ್ನೇ ತಡೆಯುತ್ತದೆ. 1999ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಡಾರಿನ್ ಡೊಹರ್ಟಿ ಮತ್ತು ಸಂಗಡಿಗರ ಒಂದು ವರದಿ ಬಂತು. ಎಡಿಎಚ್‌ಡಿ ಇರುವ 6 ವಯಸ್ಕರಲ್ಲಿ ಈ ಟ್ರಾನ್ಸ್‌ಪೋರ್ಟರ್ ಸುಮಾರು 70% ಜಾಸ್ತಿ ಇದೆ ಎಂದು ಅದು ಹೇಳಿತು. ದೊಡ್ಡ ಸುದ್ದಿ. ಟ್ರಾನ್ಸ್‌ಪೋರ್ಟರ್ ಜಾಸ್ತಿ, ಹಾಗಾಗಿ ಡೋಪಮಿನ್ ಬೇಗ ಖಾಲಿ, ಹಾಗಾಗಿ ಗಮನ ನಿಲ್ಲುವುದಿಲ್ಲ. ಕೇಳಲು ಎಷ್ಟು ಚೆನ್ನಾಗಿ ಕೂಡಿಬರುತ್ತದೆ! 2009ರಲ್ಲಿ ನೋರಾ ವೊಲ್ಕೋವ್ ತಂಡ ಔಷಧ ತೆಗೆದುಕೊಳ್ಳದ 53 ವಯಸ್ಕರನ್ನು ಪೆಟ್ ಸ್ಕ್ಯಾನ್ (ವಿಕಿರಣಶೀಲ ಗುರುತುವಸ್ತು ಕೊಟ್ಟು ಮೆದುಳಿನ ಕೆಲಸ ನೋಡುವ ಸ್ಕ್ಯಾನ್) ಮಾಡಿತು. ಉತ್ತರ ತಿರುಗಾಮುರುಗಾ ಆಯಿತು. ಇವರಲ್ಲಿ ಟ್ರಾನ್ಸ್‌ಪೋರ್ಟರ್ ಹೋಲಿಕೆಯ ಗುಂಪಿಗಿಂತ ಕಡಿಮೆ ಇತ್ತು.

2012ರಲ್ಲಿ ಪಾವೊಲೊ ಫುಸಾರ್-ಪೋಲಿ ಮತ್ತು ಸಂಗಡಿಗರು ಇಂತಹ 9 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಒಟ್ಟಾರೆ ಸರಾಸರಿ 14% ಜಾಸ್ತಿ ಬಂತು. ಆದರೆ ಆ ಸರಾಸರಿಯ ಒಳಗೆ ಎರಡು ವಿರುದ್ಧ ದಿಕ್ಕುಗಳಿದ್ದವು. ಹಿಂದೆ ಔಷಧ ತೆಗೆದುಕೊಂಡವರು ಹೆಚ್ಚಿದ್ದ ಅಧ್ಯಯನಗಳಲ್ಲಿ ಟ್ರಾನ್ಸ್‌ಪೋರ್ಟರ್ ಜಾಸ್ತಿ. ಔಷಧವನ್ನೇ ಮುಟ್ಟದವರಲ್ಲಿ ಕಡಿಮೆ. 2013ರಲ್ಲಿ ಜೀನ್-ಜಾಕ್ ವಾಂಗ್ ತಂಡ ಇನ್ನೂ ನೇರವಾದ ದಾರಿ ಹಿಡಿಯಿತು. ಹಿಂದೆಂದೂ ಔಷಧ ತೆಗೆದುಕೊಳ್ಳದ 18 ವಯಸ್ಕರನ್ನು ಮೊದಲು ಸ್ಕ್ಯಾನ್ ಮಾಡಿ, 12 ತಿಂಗಳು ಮೀಥೈಲ್‌ಫೆನಿಡೇಟ್ ಕೊಟ್ಟು, ಮತ್ತೆ ಸ್ಕ್ಯಾನ್ ಮಾಡಿದರು. ಅದೇ ಜನರಲ್ಲಿ ಟ್ರಾನ್ಸ್‌ಪೋರ್ಟರ್ 24% ಏರಿತ್ತು. ಇದು ಸ್ಕ್ಯಾನ್ ಹೊತ್ತಿಗೆ ಉಳಿದಿದ್ದ ಔಷಧದಿಂದ ಆದದ್ದಲ್ಲ. ಔಷಧ ಉಳಿದಿದ್ದರೆ ಅದು ಟ್ರಾನ್ಸ್‌ಪೋರ್ಟರ್‌ಗಳ ಮೇಲೆ ಜಾಗ ಹಿಡಿದು ಎಣಿಕೆಯನ್ನು ಕಡಿಮೆ ತೋರಿಸುತ್ತಿತ್ತು. ಮಾತ್ರೆ ತಡೆಯುತ್ತಾ ಹೋದಂತೆ ಮೆದುಳು ಹೆಚ್ಚು ಟ್ರಾನ್ಸ್‌ಪೋರ್ಟರ್ ತಯಾರಿಸಿ ಸರಿದೂಗಿಸಿಕೊಂಡಿತು ಎನ್ನುವುದು ಇದರ ಸಹಜ ವಿವರಣೆ.

ಹಾಗಾದರೆ 1999ರ ಆ 70%ರಲ್ಲಿ ಎಡಿಎಚ್‌ಡಿಯ ಪಾಲೆಷ್ಟು, ಹಳೆಯ ಮಾತ್ರೆಗಳ ಪಾಲೆಷ್ಟು, 6 ಜನರ ಸಣ್ಣ ಗುಂಪಿನ ಪಾಲೆಷ್ಟು? ಇವನ್ನು ಬಿಡಿಸದೆ ಎಡಿಎಚ್‌ಡಿಯ ಕಾರಣ ಸಿಕ್ಕಿತು ಎನ್ನುವುದು ಆತುರ. ಪೆಟ್ ಅಥವಾ ಅದೇ ಥರದ ಸ್ಪೆಕ್ಟ್ ಸ್ಕ್ಯಾನ್ ಅಧ್ಯಯನ ಓದುವಾಗ ಎರಡು ದಿನದ ವಾಶ್‌ಔಟ್ ನೋಡಿ ಸಮಾಧಾನ ಪಡಬೇಡಿ. ಇಡೀ ಬದುಕಿನ ಔಷಧ ಚರಿತ್ರೆ ಕೇಳಿ.

ಮೆದುಳಿನ ಗಾತ್ರ, ಹೊರಪದರದ ದಪ್ಪ ಅಳೆಯುವ ಎಂಆರ್‌ಐಗೆ ಗಡಿಯಾರ ಇನ್ನೂ ನಿಧಾನ, ವರ್ಷಗಳ ಲೆಕ್ಕ. ಇಲ್ಲಿ ವಾಶ್‌ಔಟ್‌ಗೆ ಹೆಚ್ಚು ಅರ್ಥವಿಲ್ಲ. 2009ರಲ್ಲಿ ಫಿಲಿಪ್ ಶಾ ತಂಡ 43 ಹದಿಹರೆಯದವರನ್ನು ಎರಡು ಬಾರಿ ಸ್ಕ್ಯಾನ್ ಮಾಡಿ ನೋಡಿತು. ಹೊರಪದರದ ಕೆಲವು ಭಾಗಗಳು, ಉತ್ತೇಜಕ ತೆಗೆದುಕೊಳ್ಳದವರಲ್ಲಿ ತೆಗೆದುಕೊಳ್ಳುತ್ತಿದ್ದವರಿಗಿಂತ ವೇಗವಾಗಿ ತೆಳುವಾಗುತ್ತಿದ್ದವು. ಅಂದರೆ ಮಾತ್ರೆಯಿಂದ ವ್ಯತ್ಯಾಸ ದೊಡ್ಡದಾಗಿ ಕಾಣುವುದು ಒಂದು ಸಾಧ್ಯತೆ. ಇದ್ದ ವ್ಯತ್ಯಾಸ ಮುಚ್ಚಿಹೋಗುವುದು ಇನ್ನೊಂದು. ಮೊದಲನೆಯದನ್ನಷ್ಟೇ ಹುಡುಕಬೇಡಿ.

ಹಂತ 3: ಮಾತ್ರೆ ಮುಟ್ಟದ ಮಕ್ಕಳು ಯಾರು ಎಂದು ಕೇಳಿ

ಇಷ್ಟು ಓದಿದ ಮೇಲೆ ಸುಲಭದ ಪರಿಹಾರ ಹೊಳೆಯುತ್ತದೆ. ಔಷಧ ಮುಟ್ಟದವರನ್ನು ಮಾತ್ರ ಸ್ಕ್ಯಾನ್ ಮಾಡಿದರಾಯಿತು, ಅಷ್ಟೇ ಅಲ್ವಾ? 1990ರಲ್ಲೇ ಅಲನ್ ಜಾಮೆಟ್ಕಿನ್ ತಂಡ ಇದನ್ನು ಮಾಡಿತ್ತು. ಉತ್ತೇಜಕ ತೆಗೆದುಕೊಳ್ಳದೇ ಇದ್ದ 25 ವಯಸ್ಕರ ಪೆಟ್ ಸ್ಕ್ಯಾನ್‌ನಲ್ಲಿ ಮೆದುಳಿನ ಗ್ಲೂಕೋಸ್ ಬಳಕೆ ಸುಮಾರು 8% ಕಡಿಮೆ ಎಂದು ವರದಿ ಮಾಡಿತ್ತು. ಔಷಧದ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಆದರೆ ಇನ್ನೊಂದು ಎದ್ದಿತು. ಇಷ್ಟು ವಯಸ್ಸಾದರೂ ಮಾತ್ರೆ ಇಲ್ಲದೆ ಬಂದವರು ಎಂತಹವರು?

ಯಾರಿಗೆ ಮಾತ್ರೆ ಸಿಗುತ್ತದೆ ಎನ್ನುವುದು ಚೀಟಿ ಎತ್ತಿ ನಿರ್ಧಾರವಾಗುವುದಿಲ್ಲ. ತೊಂದರೆ ಜಾಸ್ತಿ ಇರುವ ಮಗುವಿಗೆ ಮೊದಲು ಮಾತ್ರೆ ಬರೆಯುತ್ತಾರೆ. ಶಾಲೆಯಿಂದ ದೂರು ಬಂದ ಮಗುವಿಗೆ ಬೇಗ ಬರೆಯುತ್ತಾರೆ. ಸುಮ್ನೆ ಕಿಟಕಿ ಕಡೆ ನೋಡುತ್ತಾ ಕೂರುವ ಹುಡುಗಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾತ್ರೆ ಹಿಡಿಸದೆ ಬಿಟ್ಟವರಿದ್ದಾರೆ, ಮನೆಯವರಿಗೆ ಇಷ್ಟವಿಲ್ಲದೆ ಶುರುವೇ ಮಾಡದವರಿದ್ದಾರೆ, ದುಡ್ಡಿಲ್ಲದವರಿದ್ದಾರೆ. ಹಾಗಾಗಿ ಮಾತ್ರೆ ತೆಗೆದುಕೊಂಡವರಲ್ಲಿ ಮೆದುಳಿನ ವ್ಯತ್ಯಾಸ ಜಾಸ್ತಿ ಕಂಡರೆ ಅದು ಮಾತ್ರೆಯಿಂದಲೇ ಎನ್ನುವಂತಿಲ್ಲ. ಕನ್ನಡಕ ಹಾಕಿದವರ ದೃಷ್ಟಿ ಹಾಕದವರಿಗಿಂತ ಮಂದ ಇರುತ್ತದೆ. ಕನ್ನಡಕದಿಂದ ಮಂದವಾಯಿತು ಎಂದು ಯಾರೂ ಹೇಳುವುದಿಲ್ಲ.

ಇದರ ಜೊತೆಗೆ ವಯಸ್ಸು. ಮಾತ್ರೆ ಮುಟ್ಟದ ಮಕ್ಕಳು ಸಾಮಾನ್ಯವಾಗಿ ಚಿಕ್ಕವರು. 2002ರಲ್ಲಿ ಜಾಮಾ ಪತ್ರಿಕೆಯಲ್ಲಿ ಪ್ರಕಟವಾದ ಎಫ್. ಝೇವಿಯರ್ ಕ್ಯಾಸ್ಟೆಲಾನೋಸ್ ತಂಡದ ಅಧ್ಯಯನ ಈ ವಿಷಯದ ಮೈಲಿಗಲ್ಲು. ಎಡಿಎಚ್‌ಡಿ ಇರುವ 152 ಮಕ್ಕಳು, ಹೋಲಿಕೆಗೆ 139 ಮಕ್ಕಳು. 152ರಲ್ಲಿ 49 ಮಂದಿ ಔಷಧವನ್ನೇ ತೆಗೆದುಕೊಂಡಿರಲಿಲ್ಲ. ಆ 49 ಮಂದಿಯಲ್ಲೂ ಮೆದುಳಿನ ಒಟ್ಟು ಗಾತ್ರ ಹೋಲಿಕೆಯ ಗುಂಪಿಗಿಂತ 5.8% ಕಡಿಮೆ ಇತ್ತು. ಅಂದರೆ ಗಾತ್ರದ ವ್ಯತ್ಯಾಸಕ್ಕೆ ಮಾತ್ರೆ ಕಾರಣವಲ್ಲ ಎಂಬ ವಾದಕ್ಕೆ ಬಲ ಬಂತು. ಜೊನಾಥನ್ ಲಿಯೊ ಮತ್ತು ಡೇವಿಡ್ ಕೋಹೆನ್ ಇದನ್ನು ಕಟುವಾಗಿ ಟೀಕಿಸಿದರು. ಔಷಧ ಮುಟ್ಟದ ಆ ಮಕ್ಕಳು ಹೋಲಿಕೆಯ ಗುಂಪಿಗಿಂತ ಸರಾಸರಿ ಸುಮಾರು 2 ವರ್ಷ ಚಿಕ್ಕವರು, ಕುಳ್ಳಗೂ ತೆಳ್ಳಗೂ ಇದ್ದವರು ಎನ್ನುವುದು ಅವರ ಮುಖ್ಯ ಆಕ್ಷೇಪ. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸುವ ವಿಧಾನಗಳಿವೆ. ಆದರೂ ಮೊದಲೇ ವಯಸ್ಸು ಹೊಂದಿಸಿ ಆರಿಸಿದಷ್ಟು ಗಟ್ಟಿ ಅದಾಗುವುದಿಲ್ಲ. ನನ್ನ ಅಭಿಪ್ರಾಯ ಹೀಗೆ: ಟೀಕೆ ನ್ಯಾಯವಾದದ್ದು, ಆದರೆ ಅದರಿಂದ ಆ ಅಧ್ಯಯನ ಪೂರ್ತಿ ಬಿದ್ದುಹೋಗುವುದಿಲ್ಲ.

ಹಾಗಾಗಿ ಕೋಷ್ಟಕದಲ್ಲಿ ಮಾತ್ರೆ ತೆಗೆದುಕೊಂಡವರು, ಮುಟ್ಟದವರು, ಹೋಲಿಕೆಯವರು ಎಂಬ ಮೂರು ಗುಂಪಿನ ವಯಸ್ಸು, ಲಿಂಗ, ತೊಂದರೆಯ ತೀವ್ರತೆ, ಆತಂಕ ಅಥವಾ ಖಿನ್ನತೆಯಂತಹ ಜೊತೆಯ ತೊಂದರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎತ್ತರ, ತೂಕ ಕೊಟ್ಟಿದ್ದರೆ ಅದನ್ನೂ ನೋಡಿ. ಎಡಿಎಚ್‌ಡಿ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ಅಮೆರಿಕದ ಎಂಟಿಎ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಂಡ ಮಕ್ಕಳ ಬೆಳವಣಿಗೆ 3 ವರ್ಷದಲ್ಲಿ ಸುಮಾರು 2 ಸೆಂಟಿಮೀಟರ್ ಹಿಂದೆ ಬಿದ್ದಿತ್ತು. ದೇಹದ ಗಾತ್ರಕ್ಕೂ ಮೆದುಳಿನ ಗಾತ್ರಕ್ಕೂ ನಂಟಿರುವುದರಿಂದ ಇದನ್ನು ಮರೆಯುವಂತಿಲ್ಲ.

ಹಂತ 4: ಲೆಕ್ಕದ ಭಾಗದಲ್ಲಿ ಎರಡು ತಪ್ಪು ಹುಡುಕಿ

ಒಂದು: 'ಔಷಧವನ್ನು ಲೆಕ್ಕದಲ್ಲಿ ಸರಿದೂಗಿಸಿದ್ದೇವೆ' ಎಂಬ ಸಾಲು. ವಯಸ್ಸನ್ನು ಸರಿದೂಗಿಸಬಹುದು, ಏಕೆಂದರೆ ಎರಡೂ ಗುಂಪಿನಲ್ಲಿ ಎಲ್ಲ ವಯಸ್ಸಿನವರು ಇರುತ್ತಾರೆ. ಔಷಧ ಹಾಗಲ್ಲ. ಹೋಲಿಕೆಯ ಗುಂಪಿನಲ್ಲಿ ಒಬ್ಬರೂ ಎಡಿಎಚ್‌ಡಿ ಔಷಧ ತೆಗೆದುಕೊಂಡಿರುವುದಿಲ್ಲ. ಔಷಧ ಎನ್ನುವುದು ಒಂದೇ ಗುಂಪಿನೊಳಗೆ ಸಿಕ್ಕಿಕೊಂಡಿದೆ. ಎಡಿಎಚ್‌ಡಿ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾತ್ರೆಯವರೇ ಆಗಿದ್ದರೆ ಯಾವ ಸೂತ್ರವೂ ಎರಡನ್ನೂ ಬಿಡಿಸಲಾರದು. ಮಾತ್ರೆ ತೆಗೆದುಕೊಂಡವರು, ಮುಟ್ಟದವರು, ಹೋಲಿಕೆಯವರು ಎಂದು ಮೂರು ಗುಂಪು ಮಾಡಿ ತೋರಿಸಿದ್ದಾರೆಯೇ ಎಂದು ನೋಡಿ.

ಎರಡು: 'ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ, ಆದ್ದರಿಂದ ಔಷಧದ ಪ್ರಭಾವ ಇಲ್ಲ'. ಈ ಸಾಲು ತುಂಬಾ ಕಡೆ ಸಿಗುತ್ತದೆ. ಒಂದು ಕಡೆ 12 ಮಕ್ಕಳು, ಇನ್ನೊಂದು ಕಡೆ 15 ಮಕ್ಕಳು ಇದ್ದರೆ ವ್ಯತ್ಯಾಸ ಇದ್ದರೂ ಸಿಗುವುದಿಲ್ಲ. ಸಿಗಲಿಲ್ಲ ಎನ್ನುವುದು ಇಲ್ಲ ಎನ್ನುವುದಕ್ಕೆ ಸಮವಲ್ಲ. ಗುಂಪಿನ ಗಾತ್ರ ನೋಡಿ, ಅಂದಾಜಿನ ವ್ಯಾಪ್ತಿ ಎಷ್ಟು ಅಗಲ ಇದೆ ನೋಡಿ. 2017ರ ಎನಿಗ್ಮಾ ಅಧ್ಯಯನ ಇದಕ್ಕೆ ಎದುರು ಉದಾಹರಣೆ. 23 ಕೇಂದ್ರಗಳು, ಎಡಿಎಚ್‌ಡಿ ಇರುವ 1,713 ಜನ, ಇಲ್ಲದ 1,529 ಜನ. ಮೆದುಳಿನ ಒಳಭಾಗದ ಹಲವು ರಚನೆಗಳು ಸ್ವಲ್ಪ ಚಿಕ್ಕದಿದ್ದವು, ಉತ್ತೇಜಕ ಔಷಧಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಇಷ್ಟು ದೊಡ್ಡ ಗುಂಪಿನಲ್ಲಿ ಕಾಣಲಿಲ್ಲ ಎಂದರೆ ಆ ಮಾತಿಗೆ ತೂಕ ಇದೆ. ಆದರೂ ಮೂರನೇ ಹಂತದ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ, ಯಾರಿಗೆ ಮಾತ್ರೆ ಸಿಗಬೇಕು ಎಂದು ಸಂಶೋಧಕರು ನಿರ್ಧರಿಸಿರಲಿಲ್ಲ. ಅಲ್ಲಿ ಕಂಡ ವ್ಯತ್ಯಾಸಗಳೂ ತೀರಾ ಸಣ್ಣವು. ಒಬ್ಬ ಮಗುವಿನ ಸ್ಕ್ಯಾನ್ ನೋಡಿ ಎಡಿಎಚ್‌ಡಿ ಇದೆ ಎಂದು ಹೇಳಲು ಅವು ಸಾಲುವುದಿಲ್ಲ. ಹಾಗೆ ಹೇಳಿ ದುಡ್ಡು ಕೇಳುವವರು ಸಿಕ್ಕರೆ ದಯವಿಟ್ಟು ಎದ್ದು ಬನ್ನಿ.

ಹಂತ 5: ಅಲುಗಾಟದ ವಿಚಾರ

ಸ್ಕ್ಯಾನ್ ಯಂತ್ರದೊಳಗೆ ತಲೆ ಅಲುಗಿದರೆ ಚಿತ್ರ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಮೆದುಳಿನ ಬೂದು ಭಾಗದ (ನರಕೋಶಗಳು ದಟ್ಟವಾಗಿರುವ ಭಾಗ) ಗಾತ್ರ ಇರುವುದಕ್ಕಿಂತ ಕಡಿಮೆ ಬರುತ್ತದೆ, ಭಾಗಗಳ ನಡುವಿನ ಸಂಪರ್ಕದ ಅಳತೆಯೂ ತಪ್ಪುತ್ತದೆ. ಎಡಿಎಚ್‌ಡಿ ಇರುವ ಮಕ್ಕಳು ಜಾಸ್ತಿ ಅಲುಗುತ್ತಾರೆ, ಮಾತ್ರೆ ತೆಗೆದುಕೊಂಡ ದಿನ ಕಡಿಮೆ ಅಲುಗುತ್ತಾರೆ. ಹೀಗಾಗಿ ಮೆದುಳಿನಲ್ಲಿ ಏನೂ ಬದಲಾಗದಿದ್ದರೂ ಮಾತ್ರೆಯಿಂದ ಮೆದುಳು ಸರಿಯಾದಂತೆ ಕಾಣಬಹುದು. ಗುಂಪುವಾರು ಅಲುಗಾಟದ ಅಂಕಿ ಕೊಟ್ಟಿದ್ದಾರೆಯೇ? ಕೊಟ್ಟಿಲ್ಲದಿದ್ದರೆ ಆ ಫಲಿತಾಂಶವನ್ನು ಅರ್ಧ ಮನಸ್ಸಿನಿಂದಲೇ ಒಪ್ಪಿಕೊಳ್ಳಿ.

ಹಂತ 6: ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಇದೆಯೇ ನೋಡಿ

ಈ ಗಂಟನ್ನು ನಿಜವಾಗಿ ಬಿಡಿಸುವುದು ಯಾದೃಚ್ಛಿಕ ಪ್ರಯೋಗ. ಮಾತ್ರೆ ಮುಟ್ಟದವರನ್ನು ಸೇರಿಸಿ, ಯಾರಿಗೆ ಔಷಧ, ಯಾರಿಗೆ ಹುಸಿ ಮಾತ್ರೆ ಎಂದು ಚೀಟಿ ಎತ್ತಿದಂತೆ ನಿರ್ಧರಿಸಿ, ಮೊದಲೂ ಆಮೇಲೂ ಸ್ಕ್ಯಾನ್ ಮಾಡುವುದು. ನೆದರ್‌ಲೆಂಡ್ಸ್‌ನ ಈಪಾಡ್ ಪ್ರಯೋಗ ಹೀಗೇ ನಡೆಯಿತು. 10ರಿಂದ 12 ವರ್ಷದ 50 ಹುಡುಗರು, 23ರಿಂದ 40 ವರ್ಷದ 49 ಗಂಡಸರು. 16 ವಾರ ಮೀಥೈಲ್‌ಫೆನಿಡೇಟ್ ಅಥವಾ ಹುಸಿ ಮಾತ್ರೆ, ನಂತರ 1 ವಾರ ಬಿಡುವು, ಮತ್ತೆ ಸ್ಕ್ಯಾನ್. 2016ರಲ್ಲಿ ಫಲಿತಾಂಶ ಬಂತು. ಔಷಧ ಪಡೆದ ಹುಡುಗರಲ್ಲಿ, ಡೋಪಮಿನ್ ವ್ಯವಸ್ಥೆಯ ಪ್ರತಿಕ್ರಿಯೆಯನ್ನು ಸೂಚಿಸುವ ರಕ್ತದ ಹರಿವಿನ ಅಳತೆ ಬದಲಾಗಿತ್ತು. ಗಂಡಸರಲ್ಲಿ ಬದಲಾಗಿರಲಿಲ್ಲ. 2019ರಲ್ಲಿ ಅದೇ ಪ್ರಯೋಗದ ಇನ್ನೊಂದು ವರದಿ, ಹುಡುಗರ ಮೆದುಳಿನ ಬಿಳಿ ಭಾಗದ (ಮೆದುಳಿನ ಭಾಗಗಳನ್ನು ಜೋಡಿಸುವ ನರತಂತುಗಳು) ಕೆಲವೆಡೆಯೂ ವ್ಯತ್ಯಾಸ ಕಂಡಿತು ಎಂದಿತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಔಷಧ ಬರೀ ನಾಲ್ಕು ತಿಂಗಳಲ್ಲಿ ಅಳೆಯಬಹುದಾದ ಗುರುತು ಬಿಡುತ್ತದೆ. ಆ ಗುರುತು ವಯಸ್ಸಿನ ಮೇಲೆ ನಿಂತಿದೆ, ಹಾಗಾಗಿ 'ಎಂದಾದರೂ ತೆಗೆದುಕೊಂಡಿದ್ದೀರಾ' ಎಂಬ ಪ್ರಶ್ನೆ ಸಾಲದು, 'ಯಾವ ವಯಸ್ಸಿನಲ್ಲಿ' ಎಂದೂ ಕೇಳಬೇಕು. ಬದಲಾವಣೆ ಎಂದ ತಕ್ಷಣ ಹಾನಿ ಎಂದು ಓದಬೇಡಿ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಆ ಅಳತೆಗಳು ಹೇಳುವುದಿಲ್ಲ. ವರ್ಷಗಟ್ಟಲೆ ಮಕ್ಕಳಿಗೆ ಹುಸಿ ಮಾತ್ರೆ ಕೊಡುವುದು ನ್ಯಾಯವಲ್ಲವಾದ್ದರಿಂದ ಇಂತಹ ಪ್ರಯೋಗಗಳು ಚಿಕ್ಕದಾಗಿಯೇ ಇರುತ್ತವೆ.

ನೀವೇ ಅಧ್ಯಯನ ಮಾಡುವವರಾದರೆ

ನಮ್ಮ ಕಡೆಯ ಕಾಲೇಜು, ಆಸ್ಪತ್ರೆಗಳಲ್ಲಿ ಪ್ರಬಂಧಕ್ಕಾಗಿ ಈ ವಿಷಯ ಎತ್ತಿಕೊಳ್ಳುವವರಿಗೆ ನಾಲ್ಕು ಮಾತು. ಔಷಧ ಚರಿತ್ರೆಗೆ 'ಹೌದು' 'ಇಲ್ಲ' ಎಂಬ ಎರಡು ಚೌಕ ಕೊಟ್ಟು ಮುಗಿಸಬೇಡಿ. ಔಷಧದ ಹೆಸರು, ಶುರುವಾದ ವಯಸ್ಸು, ದಿನದ ಪ್ರಮಾಣ, ಒಟ್ಟು ತಿಂಗಳು, ಭಾನುವಾರ ಮತ್ತು ಬೇಸಿಗೆ ರಜೆಯಲ್ಲಿ ಬಿಡುತ್ತಿದ್ದರೇ, ಕೊನೆಯ ಮಾತ್ರೆ ಯಾವ ದಿನ ಎಷ್ಟು ಗಂಟೆಗೆ, ಇಷ್ಟನ್ನೂ ಬರೆದುಕೊಳ್ಳಿ. ನಿದ್ದೆ, ಖಿನ್ನತೆ, ಫಿಟ್ಸ್‌ಗೆ ಬೇರೆ ಮಾತ್ರೆ ಇದ್ದರೆ ಅದನ್ನೂ ಸೇರಿಸಿ.

ನೆನಪನ್ನೇ ನಂಬಬೇಡಿ. ಭಾರತದಲ್ಲಿ ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಔಷಧಿ ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿ ಮನೆಯಲ್ಲಿ ಹಳೆಯ ಚೀಟಿ, ಫೈಲು ಸಿಗುವ ಸಾಧ್ಯತೆ ಬೇರೆ ಔಷಧಗಳಿಗಿಂತ ಜಾಸ್ತಿ. ಬರುವಾಗ ಫೈಲು, ಖಾಲಿ ಸ್ಟ್ರಿಪ್ ತರಲು ಮೊದಲೇ ಹೇಳಿಡಿ. ಸ್ಕ್ಯಾನ್‌ಗಾಗಿ ಮಾತ್ರೆ ನಿಲ್ಲಿಸಬೇಕಾದರೆ ಅದನ್ನು ಮಗುವಿನ ವೈದ್ಯರೇ ಒಪ್ಪಬೇಕು. ಪರೀಕ್ಷೆ ಇರುವ ವಾರ ಕೇಳಲೇಬೇಡಿ.

ಮಾತ್ರೆ ಮುಟ್ಟದ ಮಕ್ಕಳ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಯಾಕೆ ಶುರು ಮಾಡಲಿಲ್ಲ? ಈಗಷ್ಟೇ ಗೊತ್ತಾಯಿತೇ, ತೊಂದರೆ ಅಷ್ಟಿಲ್ಲ ಎಂದೇ, ಊರಿನ ಹತ್ತಿರ ಬರೆದುಕೊಡುವ ವೈದ್ಯರಿಲ್ಲವೇ, ದುಡ್ಡಿನ ಕಷ್ಟವೇ, ಅಜ್ಜಿ ತಾತ ಬೇಡ ಅಂದರೇ, ಒಂದು ವಾರ ಕೊಟ್ಟು ಊಟ ಬಿಟ್ಟಿತು ಎಂದು ನಿಲ್ಲಿಸಿದರೇ? ಕೊನೆಯದು ಹೌದಾದರೆ ಆ ಮಗು ಮಾತ್ರೆ ಮುಟ್ಟದವರ ಗುಂಪಿಗೆ ಸೇರುವುದೇ ಇಲ್ಲ. ಉತ್ತರವನ್ನು ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ, ಗುಂಪು ಮಾಡುವ ಕೆಲಸ ಆಮೇಲೆ.